ಮಗ್ಗುಲಾಗಿ ಮಲಗಿಸಿದ ಕೀಸುಳಿ

ಫೆಬ್ರವರಿ 3, ಸೋಮವಾರ

ಇದು ಗಿರಾಕಿಗಳ ಅಳತೆ ಬರೆದುಕೊಳ್ಳುವ ನನ್ನ ಹೊಲಿಗೆ ಪುಸ್ತಕ. ಹಿಂದುಗಡೆಯ ಖಾಲಿ ಹಾಳೆಗಳಲ್ಲಿ ಇವತ್ತಿನಿಂದ ಮಾವನ ಅಳತೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, "ಏನು ತಿಂದರು, ಎಷ್ಟು ಹೊತ್ತು ಮಲಗಿದರು, ಏನು ಮಾತಾಡಿದರು, ದಿನಾ ಬರೆದಿಡಿ" ಎಂದರು. ಮೊದಲಿನ ಎರಡು ಸರಿ. ಮೂರನೆಯದಕ್ಕೆ ಪುಸ್ತಕ ಬೇಡ, ಚೀಟಿ ಸಾಕು.

ಮಾವನ ಬಲಭಾಗಕ್ಕೆ ಲಕ್ವ ಹೊಡೆದು ಎರಡು ತಿಂಗಳಾಯಿತು. ಕಾಲು ಹೇಗೋ ಎಳೆದುಕೊಂಡು ನಡೆಯುತ್ತದೆ. ಬಲಗೈ ಮಾತ್ರ ತಂತಿಯ ಮೇಲೆ ಒಣಹಾಕಿದ ಅಂಗಿಯ ತೋಳಿನಂತೆ ತೂಗುತ್ತದೆ. ಐವತ್ತು ವರ್ಷ ಊರಿಗೆಲ್ಲ ಬಾಗಿಲು, ಕಿಟಕಿ ಮಾಡಿಕೊಟ್ಟ ಬಡಗಿಯ ಕೈ ಅದು. ಮಾತೆಲ್ಲ ಹೋಗಿ ಒಂದೇ ಒಂದು ಉಳಿದಿದೆ: "ಅಲ್ಲ." ನೀರು ಕೊಟ್ಟರೆ ಅಲ್ಲ. ಹಾಲು ಕೊಟ್ಟರೆ ಅಲ್ಲ. ದಿಂಬು ಸರಿಮಾಡಿದರೆ ಅಲ್ಲ. ಜೀವಮಾನದಲ್ಲಿ ಹೆಚ್ಚು ಬಳಸಿದ ಮಾತು ಕೆಲವೊಮ್ಮೆ ಹೀಗೆ ಉಳಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದಾಗ ಇವರು, ಅಂದರೆ ನನ್ನ ಗಂಡ, ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು.

ಊಟ: ಅರ್ಧ ತಟ್ಟೆ. ನಿದ್ದೆ: ಇಲ್ಲ. ಮಾತು: ಅಲ್ಲ, ಇಪ್ಪತ್ತೆರಡು ಸಲ.

ಫೆಬ್ರವರಿ 5, ಬುಧವಾರ

ಬೆರಳಿಗೆ ಕಸರತ್ತು ಮಾಡಿಸಿ ಎಂದು ಆಸ್ಪತ್ರೆಯಲ್ಲಿ ಕೊಟ್ಟ ರಬ್ಬರ್ ಚೆಂಡನ್ನು ಮಾವ ಎಡಗೈಯಿಂದ ಎಸೆದರು. ಅದು ಹೊಲಿಗೆ ಯಂತ್ರದ ಅಡಿಗೆ ಹೋಯಿತು. ಅಲ್ಲೇ ಬಿದ್ದಿರಲಿ.

ಊಟ: ಹಾಗೇ. ಮಾತು: ಅಲ್ಲ, ಎಣಿಸಲಿಲ್ಲ.

ಫೆಬ್ರವರಿ 9, ಭಾನುವಾರ

ಇವರಿಗೆ ರಜೆ. ಬಸ್ಸು ಓಡಿಸುವವರಿಗೆ ವಾರಕ್ಕೊಂದು ದಿನ ಮನೆ ಕಾಣುತ್ತದೆ, ಕಂಡ ಕೂಡಲೇ ಏನಾದರೂ ಯೋಜನೆ ಹೊಳೆಯುತ್ತದೆ.

"ಹಳೇ ಸಾಮಾನಿನ ವ್ಯಾಪಾರಿ ಸಿಕ್ಕಿದ್ದ. ಹೋಟೆಲ್ ಗೋಡೆಗೆ ತೂಗುಹಾಕೋಕೆ ಬಡಗಿ ಉಪಕರಣ ಹುಡುಕ್ತಿದ್ದಾನಂತೆ. ಅಪ್ಪನ ಪೆಟ್ಟಿಗೆ ಪೂರ್ತಿ ತಗೊಂಡು ಹೋಗ್ತಾನೆ. ಷೆಡ್ಡು ಖಾಲಿಯಾದ್ರೆ ಮೊಬೈಲ್ ರಿಪೇರಿಯವನಿಗೆ ಬಾಡಿಗೆಗೆ ಕೊಡಬಹುದು."

"ಮಾವನ್ನ ಕೇಳಿದ್ರಾ?"

"ಕೇಳಿದ್ರೆ ಏನಂತಾರೆ ಅಂತ ನಿನಗೆ ಗೊತ್ತಿಲ್ವಾ?"

ಅದೂ ಸರಿಯೇ.

ಗುಡಿಸಿಯಾದರೂ ಇಡೋಣವೆಂದು ಮಧ್ಯಾಹ್ನ ಹಿತ್ತಲಿನ ಷೆಡ್ಡಿನ ಬೀಗ ತೆಗೆದೆ. ಮಾವ ಬಿದ್ದ ದಿನ ಇವರು ಹಾಕಿದ ಬೀಗ. ಒಳಗೆ ಎಲ್ಲವೂ ಆ ದಿನದ್ದೇ. ಗೋಡೆಗೆ ಒರಗಿಸಿದ ನಾಲ್ಕು ಹಲಗೆಗಳು, ಎರಡು ಕೀಸಿದ್ದು, ಎರಡು ಕೀಸಬೇಕಾದ್ದು. ಐದನೆಯದು ಕೆಲಸದ ಮೇಜಿನ ಮೇಲೆ, ಅರ್ಧ ಬೆಳ್ಳಗೆ, ಅರ್ಧ ಮಾಸಲು. ಆ ಎರಡರ ಗಡಿಯಲ್ಲಿ ಮರ ಹೆರೆಯುವ ಕೀಸುಳಿ ನಿಂತಿತ್ತು. ಅದರ ಬಾಯಲ್ಲಿ ಮರದ ಸುರುಳಿಯೊಂದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಮುಟ್ಟಿದರೆ ಪುಡಿಯಾಯಿತು.

ಆ ಹಲಗೆಗಳು ನಮ್ಮ ಅಡುಗೆಮನೆಯ ಹಿಂಬಾಗಿಲಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಎಚ್ಚರವಾಗುತ್ತಿದ್ದುದು ಈ ಕೀಸುಳಿಯ ಸದ್ದಿಗೆ. ಸರ್ರೆಂದು ಉದ್ದಕ್ಕೆ ಹೋಗುವುದು, ಒಂದು ಉಸಿರಿನಷ್ಟು ತಡೆಯುವುದು, ಮತ್ತೆ ಸರ್ರೆನ್ನುವುದು. ತವರಿನ ನೆನಪಾಗಿ ಅಳು ಬರುವ ಹೊತ್ತಿಗೆ ಆ ಸದ್ದು ಬಂದು ಹೇಗೋ ಸಮಾಧಾನವಾಗುತ್ತಿತ್ತು. ಅತ್ತೆ ಅದೇ ಸುರುಳಿಗಳನ್ನು ಮೊರದಲ್ಲಿ ತುಂಬಿ ತಂದು ಒಲೆ ಹೊತ್ತಿಸುತ್ತಿದ್ದರು. ಹಿಂಬಾಗಿಲು ನೆಲಕ್ಕೆ ಉಜ್ಜುತ್ತಿತ್ತು, ಮುಚ್ಚಿದರೆ ನಿಲ್ಲುತ್ತಿರಲಿಲ್ಲ. ಅದಕ್ಕೊಂದು ಗುಂಡುಕಲ್ಲು ಒತ್ತು. "ನೋಡೇ, ಊರಿನ ಬಾಗಿಲಿಗೆಲ್ಲ ಇವರ ಕೈ, ನಮ್ಮ ಬಾಗಿಲಿಗೆ ಕಲ್ಲು" ಎಂದು ಅತ್ತೆ ಕಾಲಿನಿಂದ ಅದನ್ನು ದೂಡುತ್ತ ಹೇಳುತ್ತಿದ್ದರು. ಇಪ್ಪತ್ತು ವರ್ಷ ಹೇಳಿದರು. ಹೇಳುವವರು ಹೋಗಿ ಮೂರು ವರ್ಷವಾದ ಮೇಲೆ ಮಾವ ಹಲಗೆ ತಂದರು.

ಗುಡಿಸದೆ ಬಂದೆ.

ಫೆಬ್ರವರಿ 10, ಸೋಮವಾರ

ಮಾವ ಬೆಳಗಿನಿಂದ ಹಿತ್ತಲಿನ ಕಡೆಯೇ ನೋಡುತ್ತಿದ್ದರು. ನಿನ್ನೆ ಬೀಗದ ಸದ್ದು ಕೇಳಿಸಿರಬೇಕು. ಸಾಕಪ್ಪಾ ಎಂದು ಹೆಗಲು ಕೊಟ್ಟು ಷೆಡ್ಡಿಗೆ ಕರೆದುಕೊಂಡು ಹೋದೆ. ಹತ್ತು ಹೆಜ್ಜೆಗೆ ಕಾಲು ಗಂಟೆ.

ಪ್ಲಾಸ್ಟಿಕ್ ಕುರ್ಚಿ ಹಾಕಿದರೆ ಅಲ್ಲ. ಎಡಗಾಲಿನಿಂದ ಮೂಲೆಯ ಗಿಡ್ಡ ಸ್ಟೂಲನ್ನು ಎಳೆದುಕೊಂಡು ಕೂತರು. ಮಾವ ಸಾಣೆ ಹಿಡಿಯುವಾಗ ಯಾವತ್ತೂ ಅದರ ಮೇಲೆಯೇ. ಒಂದು ಕಾಲು ಓರೆ, ಕೂತಲ್ಲಿ ಒಂದು ಕಡೆಗೆ ವಾಲುತ್ತದೆ. ಬಡಗಿಯ ಮನೆಯದ್ದು ಎಂದರೆ ಯಾರೂ ನಂಬುವುದಿಲ್ಲ.

ಮೇಜು ಒರೆಸಲು ಕೀಸುಳಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

"ಅಲ್ಲ."

ಎಡಕ್ಕೆ ಸರಿಸಿದೆ. ಅಲ್ಲ. ಬಲಕ್ಕೆ. ಅಲ್ಲ. ಕಿಟಕಿ ಕಟ್ಟೆಯ ಮೇಲೆ. ಅಲ್ಲ. ನನಗೆ ಎಲ್ಲಿತ್ತೋ ಸಿಟ್ಟು, "ಹಾಗಾದ್ರೆ ನೀವೇ ಇಟ್ಕೊಳ್ಳಿ ಮಾವ" ಎಂದು ಮೇಜಿನ ಮೇಲೆ ಉರುಳಿಸಿಬಿಟ್ಟೆ. ಅದು ಮಗ್ಗುಲಾಗಿ ಬಿತ್ತು. ಮಾವ ಸುಮ್ಮನಾದರು.

ಆಮೇಲೆ ತಿರುಗಿಸಿ ನೋಡಿದೆ. ಅಲಗಿನ ಬಾಯಿ ತಳದಿಂದ ಕೂದಲಿನಷ್ಟು ಹೊರಗಿದೆ. ನೆಟ್ಟಗೆ ಇಟ್ಟರೆ ಬಾಯಿ ಮೇಜಿಗೆ ತಾಗಿ ಮೊಂಡಾಗುತ್ತದೆ, ಅದಕ್ಕೆ ಮಲಗಿಸಬೇಕು. ಇವರು ನನ್ನ ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದಾಗ ನಾನೇನು ಕಡಿಮೆ ಕೂಗಾಡಿದ್ದೆನೇ?

ಮಾತು: ಅಲ್ಲ, ಒಂಬತ್ತು ಸಲ. ಎಲ್ಲ ಷೆಡ್ಡಿನಲ್ಲೇ.

ಫೆಬ್ರವರಿ 16, ಭಾನುವಾರ

ಮಾವನಿಗೆ ಜ್ವರ, ನಾಲ್ಕು ದಿನದಿಂದ ಹಾಸಿಗೆ ಬಿಟ್ಟಿಲ್ಲ. ಅವರು ಮಲಗಿದಾಗ ನಾನು ಪೆಟ್ಟಿಗೆ ತೆಗೆದು ಕೂತಿದ್ದೇನೆ. ಮಾಡಿನ ತಗಡು ಸೋರಿ ಉಳಿ, ಗರಗಸಕ್ಕೆಲ್ಲ ತುಕ್ಕು ಹತ್ತಿದೆ. ಮಾರುವುದಾದರೂ ಕೊಳಕು ಬಟ್ಟೆಯಲ್ಲಿ ಹೆಣ್ಣು ತೋರಿಸುತ್ತಾರೆಯೇ? ಸೀಮೆಎಣ್ಣೆ ಹಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಹತ್ತಿಯ ಚಿಂದಿಯಲ್ಲಿ ಒರೆಸಿದೆ. ಶಾಲೆಯ ಸಮವಸ್ತ್ರ ಕತ್ತರಿಸಿ ಉಳಿದ ನೀಲಿ ಚಿಂದಿಗೆ ಕೊನೆಗೂ ಒಂದು ಗತಿ ಬಂತು. ಹಿಡಿಕೆಗಳನ್ನು ಮಾತ್ರ ಉಜ್ಜಲು ಮನಸ್ಸು ಬರಲಿಲ್ಲ. ಮಾವನ ಹೆಬ್ಬೆರಳು ಕೂರುವ ಜಾಗದಲ್ಲಿ ಮರ ಸವೆದು ಹಳ್ಳವಾಗಿದೆ. ನನ್ನ ಬೆರಳಿಟ್ಟರೆ ಅಲ್ಲಿ ಇನ್ನೂ ಜಾಗ ಉಳಿಯುತ್ತದೆ.

ಸಾಣೆಕಲ್ಲೂ ನಡುವೆ ಸವೆದು ಬಟ್ಟಲಿನಂತಾಗಿದೆ. ದೊಡ್ಡ ಕೀಸುಳಿಯ ಬೆಣೆ ಸಡಿಲಿಸಿ ಅಲಗು ಹೊರತೆಗೆದರೆ ಅದರ ಬಾಯಿಯೂ ಬಾಗಿದೆ. ಡೊಂಕು ಕಲ್ಲಿನಲ್ಲಿ ಉಜ್ಜಿದರೆ ಇನ್ನೇನಾಗುತ್ತದೆ? ಪಾಪ, ವಯಸ್ಸಾದ ಮೇಲೆ ಮಾವನಿಗೆ ಗೊತ್ತಾಗಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮರಳು ನೀರು ಹಾಕಿ ಮೊದಲು ಸಾಣೆಕಲ್ಲನ್ನು ಮಟ್ಟ ಮಾಡಿದೆ. ನಾಳೆಯಿಂದ ಅಲಗು.

ಫೆಬ್ರವರಿ 20, ಗುರುವಾರ

ಮೂರು ದಿನ, ದಿನಕ್ಕೆ ಎರಡು ಗಂಟೆ. ತೋಳು ಬಿದ್ದುಹೋಗಿದೆ. ಆದರೆ ಅಲಗಿನ ಬಾಯಿ ಈಗ ಗೀಟು ಎಳೆದಂತೆ ನೇರ. ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ, ಎಲ್ಲೂ ಸಂದಿಲ್ಲ. ಕಾಗದ ಇಟ್ಟರೆ ಸದ್ದಿಲ್ಲದೆ ಸೀಳುತ್ತದೆ. ಮಾವನಿಗೆ ಜ್ವರ ಇಳಿದಿದೆ. ನಾಳೆ ತೋರಿಸುತ್ತೇನೆ.

ಫೆಬ್ರವರಿ 21, ಶುಕ್ರವಾರ

ತೋರಿಸಿದೆ. ಮಾವ ಎಡಗೈಯ ಹೆಬ್ಬೆರಳನ್ನು ಅಲಗಿನ ಬಾಯಿಯ ಮೇಲೆ ಅಡ್ಡಕ್ಕೆ ಆಡಿಸಿದರು. ಮೆಲ್ಲಗೆ, "ಅಲ್ಲ" ಎಂದರು. ಮತ್ತೆ ಆಡಿಸಿ, ಅಲ್ಲ, ಅಲ್ಲ ಎಂದರು. ಕಣ್ಣಿನಿಂದ ನೀರು ಇಳಿಯಿತು. ಬಿದ್ದ ದಿನವೂ ಅವರು ಅತ್ತಿದ್ದನ್ನು ನಾನು ಕಂಡಿರಲಿಲ್ಲ.

ನನಗೂ ರೋಷ ಬಂತು. ಅಲಗನ್ನು ಕೀಸುಳಿಗೆ ಸಿಕ್ಕಿಸಿ, ಬೆಣೆ ಬಡಿದು, ಮೂಲೆಯ ಚೂರು ಹಲಗೆಯೊಂದರ ಮೇಲೆ ತಳ್ಳಿದೆ. ಹಿಂದೆ ಸರಾಗವಾಗಿ ಹೋಗುತ್ತಿದ್ದದ್ದು ತಡೆದು ನಿಂತಿತು. ಜೋರಾಗಿ ತಳ್ಳಿದರೆ ಅಲಗಿನ ಎರಡು ಮೂಲೆಗಳು ಮರಕ್ಕೆ ಕಚ್ಚಿ ಎರಡು ಗೀರು ಬಿದ್ದವು, ಮೆತ್ತನೆ ನೆಲದಲ್ಲಿ ಗಾಡಿಯ ಚಕ್ರ ಹೋದ ಹಾಗೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದು ಡೊಂಕಾದ ಅಲಗಲ್ಲ. ಬೇಕೆಂದೇ ಬಾಗಿಸಿದ್ದು.

ಮಾವ ರಾತ್ರಿ ಊಟ ಮಾಡಲಿಲ್ಲ. ನಾನೂ.

ಫೆಬ್ರವರಿ 23, ಭಾನುವಾರ

ಎಷ್ಟು ಬಾಗಿತ್ತು? ಅಳೆದಿಟ್ಟುಕೊಂಡಿರಲಿಲ್ಲ. ಗಿರಾಕಿಯ ಹಳೇ ಅಂಗಿಯ ಹೊಲಿಗೆ ಬಿಚ್ಚುವ ಮೊದಲು ಅಳತೆ ಬರೆದುಕೊಳ್ಳುವವಳು ಇದನ್ನು ಬರೆದುಕೊಳ್ಳಲಿಲ್ಲ.

ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮಾವನ ಎದುರು ಕೂತು ಅಲಗಿನ ಮೇಲೆ ಒಂದು ಕಮಾನು ಬರೆದೆ, ಕತ್ತಿನ ಪಟ್ಟಿಯಷ್ಟು ಬಾಗು. ಅಲ್ಲ. ಅಳಿಸಿ ಕಡಿಮೆ ಮಾಡಿದೆ. ಅಲ್ಲ. ತೀರಾ ಕಡಿಮೆ ಮಾಡಿದೆ. ಅಲ್ಲ. ಹೀಗೆ ಎಷ್ಟು ಸಲವೋ. ಕೊನೆಗೆ ಮಾವ ನನ್ನ ಕೈ ಹಿಡಿದು ಹೆಬ್ಬೆರಳನ್ನು ಎತ್ತಿ ತೋರಿಸಿದರು. ಉಗುರು. ನೀಟಾಗಿ ಕತ್ತರಿಸಿದ ಉಗುರಿನ ಅಂಚಿನಷ್ಟೇ ಬಾಗು ಬರೆದೆ.

ಮಾವ ಏನೂ ಹೇಳಲಿಲ್ಲ.

ಈಗ ತಿಳಿಯಿತು. ಒರಟು ಹಲಗೆಯ ದಪ್ಪ ಇಳಿಸುವ ಕೀಸುಳಿಗೆ ಬಾಯಿ ಬಾಗಿರಬೇಕು. ನಡು ಆಳಕ್ಕೆ ಕಚ್ಚುತ್ತದೆ, ಮೂಲೆಗಳು ಮರವನ್ನು ಮುಟ್ಟುವುದಿಲ್ಲ. ನೇರ ಬಾಯಿಯ ಚಿಕ್ಕ ಕೀಸುಳಿ ಪೆಟ್ಟಿಗೆಯಲ್ಲಿ ಬೇರೆಯೇ ಇತ್ತು, ಕೊನೆಯ ನಯಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಮಾವನ ಅಲಗನ್ನೇ ಡೊಂಕು ಎಂದೆ.

ಮಾರ್ಚ್ 2, ಭಾನುವಾರ

ಅಲಗು ಮತ್ತೆ ಬಾಗಿತು. ಒಂದು ವಾರ ಹಿಡಿಯಿತು. ದಿನಾ ಮಾವ ಸ್ಟೂಲಿನ ಮೇಲೆ ಕೂತು ಕಾವಲು.

ಅತ್ತ ಸಮವಸ್ತ್ರದ ಬಟ್ಟೆ ಕತ್ತರಿಸದೆ ಬಿದ್ದಿದೆ. ಇವರು ಇವತ್ತು ಸಿಡಿದರು. "ವ್ಯಾಪಾರಿ ಎರಡು ಸಲ ಕೇಳಿದ. ನೀನು ನೋಡಿದ್ರೆ ಕೈಯೆಲ್ಲ ಕಪ್ಪು ಮಾಡ್ಕೊಂಡು ಕೂತಿದ್ದೀಯ. ಅಪ್ಪಂಗೆ ಹುಷಾರಿಲ್ಲ, ನಿನಗೂ ಹಿಡೀತಾ?"

"ಆ ಹಿಂಬಾಗಿಲಾದ್ರೂ ಮುಗಿಯಲಿ."

"ಯಾರು ಮುಗಿಸೋರು?"

ನಾನು ಕಪ್ಪು ಕೈಗಳನ್ನು ಚಿಂದಿಗೆ ಒರೆಸಿಕೊಂಡೆ. ಇವರು ಕೂತರು. ದನಿ ಇಳಿಯಿತು.

"ಹನ್ನೆರಡು ವರ್ಷದಿಂದ ಹತ್ತೊಂಬತ್ತರ ತನಕ ಆ ಷೆಡ್ಡಲ್ಲಿ ನಿಂತಿದ್ದೀನಿ ಕಣೇ. ಗರಗಸ ಹಿಡಿದ್ರೆ ಅಲ್ಲ. ಮೊಳೆ ಹೊಡೆದ್ರೆ ಅಲ್ಲ. ಒಂದು ದಿನಾನೂ ಶಭಾಷ್ ಅನ್ನಲಿಲ್ಲ. ಸ್ಟೇರಿಂಗ್ ಹಿಡಿದ ಮೇಲೇನೇ ನಾನು ಉಸಿರು ಬಿಟ್ಟಿದ್ದು. ಈಗ ನೋಡು, ಎಲ್ಲಾ ಮಾತೂ ಹೋಗಿ ಅದೊಂದೇ ಉಳಿದಿದೆ. ನನಗೋಸ್ಕರಾನೇ ಇಟ್ಕೊಂಡಿರೋ ಹಾಗೆ."

ಇಪ್ಪತ್ತಮೂರು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೇಳಿರಲಿಲ್ಲ. ಷೆಡ್ಡಿಗೆ ಯಾಕೆ ಕಾಲಿಡುವುದಿಲ್ಲ ಎಂದು ಕೇಳಬೇಕೆಂದೂ ಅನ್ನಿಸಿರಲಿಲ್ಲ. ಕೊನೆಗೆ ಇವರೇ, "ಆಯ್ತು, ಬಾಗಿಲು ಮುಗಿಸು. ಮುಗಿದ ಮೇಲೆ ಷೆಡ್ಡು ಖಾಲಿ" ಎಂದರು. ಆಗಲಿ ಎಂದೆ.

ಮಾರ್ಚ್ 8, ಶನಿವಾರ

ಬಾಗಿಲಿನ ಅಡ್ಡಪಟ್ಟಿ ಕೂರಿಸಲು ಹಲಗೆಯಲ್ಲಿ ಗಾಡಿ, ಅಂದರೆ ಉದ್ದನೆಯ ತೋಡು, ತೆಗೆಯಬೇಕು. ಅದಕ್ಕೆ ಅಗಲದ ಉಳಿ ಬೇಕು. ಪೆಟ್ಟಿಗೆಯಲ್ಲಿ ಅದರ ಜಾಗ ಖಾಲಿ. ಯಾರೋ ಎರವಲು ಒಯ್ದವರು ವಾಪಸ್ಸು ತಂದಿಲ್ಲ. ಮಾವ ಎರಡು ಬೆರಳು ಜೋಡಿಸಿ ಅಗಲ ತೋರಿಸಿದರು.

ಎಲ್ಲಿ ಹುಡುಕುವುದು? ಅದೇ ಹಳೇ ಸಾಮಾನಿನ ವ್ಯಾಪಾರಿಯ ಅಂಗಡಿಗೆ ಹೋದೆ. ನಾನು ಯಾರೆಂದು ಹೇಳಲಿಲ್ಲ. ಗೋಡೆಯ ತುಂಬ ಗರಗಸ, ಉಳಿ ಬಡಿಯುವ ಕೊಡತಿ, ತೂತು ಕೊರೆಯುವ ಬೈರಿಗೆ, ಎಲ್ಲಕ್ಕೂ ವಾರ್ನಿಷ್ ಬಳಿದು ಮಿರಮಿರ. ಒಂದು ಕೀಸುಳಿಯ ಬಾಯಿಯೊಳಗಿಂದಲೇ ಮೊಳೆ ಹೊಡೆದು ಗೋಡೆಗೆ ಸಿಕ್ಕಿಸಿದ್ದ. ಅದಕ್ಕೆ ಬೆನ್ನು ಮಾಡಿ ನಿಂತೆ.

"ಇದು ತಗೊಳ್ಳಿ ಅಕ್ಕ, ಕನ್ನಡಿ ಹಾಗೆ ಹೊಳೀತಿದೆ" ಎಂದು ಒಂದು ಉಳಿ ಕೊಟ್ಟ.

"ಮುಖ ನೋಡ್ಕೊಳೋಕೆ ಮನೇಲಿ ಕನ್ನಡಿ ಇದೆಯಪ್ಪ."

ತಿರುಗಿಸಿ ಬೆನ್ನು ನೋಡಿದೆ. ಹೊಳಪಿನ ಅಡಿಯಲ್ಲಿ ತುಕ್ಕು ತಿಂದ ಸಣ್ಣ ಗುಳಿಗಳು ಬಾಯಿಯವರೆಗೂ ಇದ್ದವು. ಎಷ್ಟು ಸಾಣೆ ಹಿಡಿದರೂ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯೇ. ಮೇಜಿನ ಕೆಳಗಿನ ಡಬ್ಬದಲ್ಲಿ ಕೈಹಾಕಿ ಹುಡುಕಿದಾಗ ಹಿಡಿಕೆಯೇ ಇಲ್ಲದ್ದೊಂದು ಸಿಕ್ಕಿತು. ಕರ್ರಗೆ, ತಲೆ ಚಪ್ಪಟೆ. ಬೆನ್ನು ಮಾತ್ರ ಸಮ. ಅಳತೆಪಟ್ಟಿ ಇಟ್ಟು ನೋಡಿದೆ.

"ಅದಕ್ಕೆ ಹಿಡಿಕೇನೇ ಇಲ್ವಲ್ಲ ಅಕ್ಕ."

"ಮಾಡ್ಕೋತೀನಿ" ಎಂದೆ. ಬಾಯಿ ತಪ್ಪಿ ಬಂತು. ವ್ಯಾಪಾರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕಾಗದದಲ್ಲಿ ಸುತ್ತಿಕೊಟ್ಟ.

ಮನೆಗೆ ಬಂದು ಮಾವನ ಎಡಗೈಗೆ ಇಟ್ಟೆ. ತಿರುಗಿಸಿದರು, ಬೆನ್ನು ಸವರಿದರು. ಸುಮ್ಮನೆ ವಾಪಸ್ಸು ಕೊಟ್ಟರು.

ಮಾರ್ಚ್ 16, ಭಾನುವಾರ

ಮಾವ ಅರ್ಧಕ್ಕೆ ಬಿಟ್ಟ ಹಲಗೆಯನ್ನು ಇವತ್ತು ಮುಟ್ಟಿದೆ. ಇಷ್ಟು ದಿನ ಚೂರುಗಳ ಮೇಲೆ ಕೈ ಪಳಗಿಸುತ್ತಿದ್ದೆ, ಅದರ ಹತ್ತಿರ ಹೋಗಲು ಧೈರ್ಯವಿರಲಿಲ್ಲ.

ಮೊದಲ ಸಲ ತಳ್ಳಿದ್ದಕ್ಕೇ ಮರ ಕಿತ್ತು ಬಂತು, ಸಿಬಿರು ಎದ್ದಿತು. ಅಲ್ಲ. ಅಲಗು ಮೇಲೆತ್ತಿದೆ. ಅಲ್ಲ. ಮೆಲ್ಲಗೆ ತಳ್ಳಿದೆ. ಅಲ್ಲ. ಹಲಗೆಯ ಮೈಮೇಲೆ ಕೈ ಆಡಿಸಿದಾಗ ಥಟ್ಟನೆ ತಿಳಿಯಿತು. ಮಖಮಲ್ಲನ್ನು ಒಂದು ಕಡೆಗೆ ಸವರಿದರೆ ನಯ, ಎದುರಿಗೆ ಸವರಿದರೆ ನಿಗುರುತ್ತದೆ. ಮರಕ್ಕೂ ಹಾಗೇ ಎಳೆ ಇದೆ. ಮಾವ ಬೇರೆ ತುದಿಯಿಂದ ಕೀಸಿದ್ದರು. ಹಲಗೆಯನ್ನು ತಿರುಗಿಸಿ ಹಾಕಿ ತಳ್ಳಿದೆ.

ಸರ್ರೆಂದಿತು. ಅದೇ ಸದ್ದು. ಮೂರು ತಿಂಗಳಿಂದ ಈ ಮನೆಯಲ್ಲಿ ಏನು ಕಡಿಮೆಯಾಗಿದೆ ಎಂದು ನನಗೆ ಹೊಳೆದಿರಲಿಲ್ಲ, ಅದು ಈ ಸದ್ದು. ಸುರುಳಿ ಕೀಸುಳಿಯ ಬಾಯಿಂದೆದ್ದು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು. ಮಾವ ಎದ್ದು ಮೇಜು ಹಿಡಿದು ಬಂದು ಎಡಗೈಯನ್ನು ನನ್ನ ಕೈಯ ಮೇಲಿಟ್ಟರು. ಇಬ್ಬರೂ ಒಟ್ಟಿಗೆ ತಳ್ಳಿದೆವು. ಒಂದು ಉಸಿರಿನಷ್ಟು ತಡೆದರು, ಮತ್ತೆ ತಳ್ಳಿದೆವು. ನಾನು ಅಳುತ್ತಿದ್ದೆ, ಅವರು ನೋಡಲಿಲ್ಲ, ಹಲಗೆಯನ್ನು ನೋಡುತ್ತಿದ್ದರು.

ನಾನು ಬಂದ ಮೊದಲ ವರ್ಷ ಹೊಲಿಯುತ್ತ ಬೆನ್ನು ನೋವೆಂದು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಯಂತ್ರದ ಮೇಜು ಎರಡು ಬೆರಳು ಎತ್ತರವಾಗಿತ್ತು. ಕಾಲುಗಳಿಗೆ ತುಂಡು ಕೂಡಿಸಿದ ಸಂದು ಈಗಲೂ ಹುಡುಕಿದರೆ ಮಾತ್ರ ಕಾಣುತ್ತದೆ. ಮಾವ ಆ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮಾತಾಡದೇ ಹೇಳುವ ಅಭ್ಯಾಸ ಅವರಿಗೆ ಲಕ್ವ ಹೊಡೆದ ಮೇಲೆ ಬಂದದ್ದಲ್ಲ. ಅಲ್ಲ ಎಂದರೆ ತಪ್ಪು, ಸುಮ್ಮನಿದ್ದರೆ ಸರಿ, ಅಷ್ಟೇ ಅವರ ವ್ಯಾಕರಣ. ಹಾಲು ಬಿಸಿ ಹೆಚ್ಚಿರುತ್ತಿತ್ತು, ದಿಂಬು ಬಲಕ್ಕೆ ಬೇಕಿತ್ತು. ನಾನು ದಡ್ಡಿ.

ಊಟ: ಪೂರ್ತಿ ತಟ್ಟೆ. ನಿದ್ದೆ: ಚೆನ್ನಾಗಿ. ಮಾತು: ಅಲ್ಲ, ಏಳು ಸಲ.

ಮಾರ್ಚ್ 19, ಬುಧವಾರ

ಉಳಿಗೆ ಹಿಡಿಕೆ ಆಯಿತು. ಅಲ್ಲ, ನಾಲ್ಕು ಸಲ.

ಮಾರ್ಚ್ 23, ಭಾನುವಾರ

ಊಟಕ್ಕೆ ಕರೆಯಲು ಬಂದ ಇವರು ಷೆಡ್ಡಿನ ಹೊಸಿಲಿನಲ್ಲೇ ನಿಂತರು. ಮಾವ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ಉಳಿ ಹಿಡಿದು ಸಾಣೆಕಲ್ಲಿನ ಮೇಲೆ ನಿಧಾನವಾಗಿ ಉಜ್ಜುತ್ತಿದ್ದರು.

"ಈ ಸ್ಟೂಲ್ ಇನ್ನೂ ಒಲೆ ಸೇರಿಲ್ವಾ?" ಎಂದರು ಇವರು.

"ಯಾಕೆ, ಏನಾಗಿದೆ ಅದಕ್ಕೆ?"

"ನಾನು ಮಾಡಿದ್ದು. ಹನ್ನೆರಡು ವರ್ಷಕ್ಕೆ. ಮೊದಲನೇದು. ಕಾಲು ನೋಡು, ಓರೆ."

ನನ್ನ ಕೈಯ ಕೊಡತಿ ಅಲ್ಲೇ ನಿಂತಿತು.

"ಮಾಡಿಕೊಟ್ಟಾಗ ಮಾವ ಏನಂದ್ರು?"

"ಏನಂತಾರೆ? ತಿರುಗಿಸಿ ನೋಡಿದ್ರು, ಕೆಳಗಿಟ್ಟು ಅದರ ಮೇಲೆ ಕೂತ್ಕೊಂಡು ಅವರ ಕೆಲಸ ಮಾಡಿದ್ರು. ಒಂದು ಮಾತಿಲ್ಲ."

"ಅಲ್ಲ ಅನ್ನಲಿಲ್ವಾ?"

"ಇಲ್ಲ, ಏನೂ ಅನ್ನಲಿಲ್ಲ ಅಂದೆನಲ್ಲ."

"ನೋಡ್ರೀ," ಎಂದೆ, "ಇಲ್ಲಿಗೆ ಬಂದು ಆರು ವಾರ ಆಯ್ತು ನಾನು. ಸರಿ ಇಲ್ಲದಿದ್ರೆ ಅವರು ಒಂದನ್ನೂ ಬಿಟ್ಟಿಲ್ಲ. ಸುಮ್ಮನಿದ್ರೆ ಸರಿ ಇದೆ ಅಂತ ಅರ್ಥ. ಮೂವತ್ತೈದು ವರ್ಷದಿಂದ ಅದರ ಮೇಲೇ ಕೂತಿದ್ದಾರೆ."

ಇವರು ಹೊಸಿಲಿನಿಂದಲೇ ಬಗ್ಗಿ ಆ ಓರೆ ಕಾಲನ್ನು ನೋಡಿದರು. ಮಾವ ತಲೆ ಎತ್ತಲಿಲ್ಲ, ಉಳಿಯ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಊಟ ಆರಿತು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಐದಕ್ಕೆ ಹಿತ್ತಲಿನಲ್ಲಿ ಧಡಧಡ. ಕಳ್ಳರೇನೋ ಎಂದು ಎದ್ದು ಹೋದರೆ ಇವರು ಡ್ಯೂಟಿ ಬಟ್ಟೆಯಲ್ಲೇ ಷೆಡ್ಡಿನ ಮಾಡಿನ ಮೇಲೆ ಕೂತು ಸೋರುವ ತಗಡು ಸರಿಮಾಡುತ್ತಿದ್ದರು. ಖಾಲಿ ಮಾಡುವ ಷೆಡ್ಡಿಗೆ ಇದೆಲ್ಲ ಯಾಕೆ ಎಂದು ನಾನು ಕೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಬಾಗಿಲು ಕೂತಿತು.

ಐದು ಹಲಗೆ, ಮೂರು ಅಡ್ಡಪಟ್ಟಿ. ಹಲಗೆಯ ಸಂದುಗಳಲ್ಲಿ ಎರಡು ಕಡೆ ಬೆಳಕು ಕಾಣುತ್ತದೆ, ಅವು ನಾನು ಕೀಸಿದವು. ಎತ್ತಿ ನಿಲ್ಲಿಸಲು ಇವರು ಬೇಕಾದರು. ಕೀಲು ಹಿಡಿದು ಗುರುತು ಹಾಕುವಾಗ ಮಾವ ಕುರ್ಚಿಯಿಂದ, "ಅಲ್ಲ" ಎಂದರು. ನಾನು ಇವರ ಮುಖ ನೋಡಿದೆ. ಇವರು ತಿರುಗಿ ನೋಡಿ, "ಸರಿಯಪ್ಪ, ಮೇಲಾ?" ಎಂದು ಕೀಲನ್ನು ಮೇಲೆ ಸರಿಸಿದರು. "ಅಲ್ಲ." "ಕೆಳಗಾ?" ಕೆಳಗೆ ಸರಿಸಿದರು. ಮಾವ ಸುಮ್ಮನಾದರು. ಇವರ ತುಟಿಯಂಚಿನಲ್ಲಿ ನಗು ಬಂದು ಹೋದದ್ದನ್ನು ನಾನು ನೋಡಿದೆ. ಒಂದೊಂದೇ ಸ್ಕ್ರೂ ತಿರುಗಿಸಿ ಬಿಗಿ ಮಾಡಿದರು.

ಬಾಗಿಲು ದೂಡಿದರೆ ಸದ್ದಿಲ್ಲದೆ ಹೋಗಿ ತಾನಾಗಿ ಕೂತಿತು. ಗುಂಡುಕಲ್ಲನ್ನು ಹೊರಗೆ ಎಸೆಯಲು ಎತ್ತಿಕೊಂಡೆ. ಮಾವ ಎಡಗೈ ಚಾಚಿದರು. ಕೊಟ್ಟೆ. ಅತ್ತೆಯ ಕಾಲು ತಾಗಿ ತಾಗಿ ಒಂದು ಕಡೆ ನುಣುಪಾದ ಕಲ್ಲು. ಅದನ್ನು ತೊಡೆಯ ಮೇಲಿಟ್ಟುಕೊಂಡು ಸಂಜೆಯವರೆಗೂ ಆ ಬಾಗಿಲಿನ ಎದುರು ಕೂತಿದ್ದರು. ಅತ್ತೆ ಇದ್ದಿದ್ದರೆ, "ಅಂತೂ ಮನಸ್ಸು ಬಂತಲ್ಲ ನಿಮಗೆ" ಎನ್ನುತ್ತಿದ್ದರು.

ಊಟ: ಎರಡು ಸಲ ಹಾಕಿಸಿಕೊಂಡರು. ಮಾತು: ಅಲ್ಲ, ಎರಡು ಸಲ.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಹಾಲು ತೆಗೆದುಕೊಂಡು ಹೋದೆ. ಹದವಾಗಿ ಆರಿಸಿದ್ದೆ. ಮಾವ ಹೋಗಿಬಿಟ್ಟಿದ್ದರು, ನಿದ್ದೆಯಲ್ಲೇ.

ಊಟ: ಹಾಲು ಲೋಟದಲ್ಲಿ ಹಾಗೇ ಇದೆ.

ಮಾತು:

ಮೇ 1, ಗುರುವಾರ

"ಭಾನುವಾರ ವ್ಯಾಪಾರಿ ಬರ್ತಾನೆ" ಎಂದರು ಇವರು. "ಅವರಿಲ್ಲದ ಷೆಡ್ಡು ನೋಡೋಕಾಗ್ತಿಲ್ಲ ನನಗೆ. ಬೆಳಿಗ್ಗೆ ಬಸ್ಸಿಗೆ ಹೊರಡೋವಾಗ ಅತ್ತ ಕಣ್ಣು ಹೋದ್ರೆ ಇಡೀ ದಿನ ಕೆಟ್ಟುಹೋಗುತ್ತೆ."

ಬಾಗಿಲು ಮುಗಿಯುವವರೆಗೆ ಎಂದು ಮಾತಾಗಿತ್ತು. ಬಾಗಿಲು ಮುಗಿದಿದೆ. ಆಡಿದ ಮಾತು ತಪ್ಪಲು ನನಗೆ ಬರುವುದಿಲ್ಲ. ಮೂರು ದಿನ ಕೂತು ಉಳಿಗಳಿಗೆ ದಪ್ಪ ಬಟ್ಟೆಯ ಚೀಲ ಹೊಲಿಯುತ್ತೇನೆ, ಒಂದೊಂದಕ್ಕೆ ಒಂದೊಂದು ಜೇಬು. ಹೋದ ಕಡೆಯಲ್ಲಾದರೂ ಒಂದಕ್ಕೊಂದು ತಾಗಿ ಬಾಯಿ ಹೋಗದಿರಲಿ. ಗೋಡೆಗೆ ಹೊಡೆಯುವ ಮೊಳೆಯ ಬಗ್ಗೆ ಯೋಚಿಸಬಾರದು ಎಂದುಕೊಂಡಿದ್ದೇನೆ, ಬೇರೇನನ್ನೂ ಯೋಚಿಸುತ್ತಿಲ್ಲ.

ಮೇ 4, ಭಾನುವಾರ

ವ್ಯಾಪಾರಿ ಹತ್ತು ಗಂಟೆಗೆ ಬರುವವನಿದ್ದ. ಇವರು ಒಂಬತ್ತಕ್ಕೇ ಪೆಟ್ಟಿಗೆಯ ಮುಂದೆ ನಿಂತು ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಜೋಡಿಸುತ್ತಿದ್ದರು. ನಾನು ಹೊಸಿಲಿನ ಮೇಲೆ ಕೂತು ಚೀಲದ ಕೊನೆಯ ಜೇಬಿಗೆ ಕೈಹೊಲಿಗೆ ಹಾಕುತ್ತಿದ್ದೆ. ತಲೆ ಎತ್ತಿದರೆ ಅಳು ಬಂದೀತೆಂದು ಸೂಜಿಯನ್ನೇ ನೋಡುತ್ತಿದ್ದೆ. ಗರಗಸ ಇಟ್ಟರು. ಕೊಡತಿ ಇಟ್ಟರು. ಆಮೇಲೆ ದೊಡ್ಡ ಕೀಸುಳಿಯನ್ನು ಇಟ್ಟ ಸದ್ದು ಬಂತು, ತಳ ಮೇಜಿಗೆ ಕೂತ ಸದ್ದು.

"ಅಲ್ಲ" ಎಂದೆ.

ಇವರು ಅಲುಗಲಿಲ್ಲ. ಬೆನ್ನು ನನ್ನ ಕಡೆಗಿತ್ತು. ಕೈ ಕೀಸುಳಿಯ ಮೇಲೆಯೇ ಇತ್ತು.

"ಅಪ್ಪ ಅನ್ಕೊಂಡೆ" ಎಂದರು.

ಕೀಸುಳಿಯನ್ನು ಮೆಲ್ಲಗೆ ಮಗ್ಗುಲಾಗಿ ಮಲಗಿಸಿದರು. ಆಮೇಲೆ ಆ ಓರೆ ಕಾಲಿನ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತರು. ಮಾವ ಹೋದಾಗಿನಿಂದ ಒಂದು ದಿನವೂ ಅತ್ತಿರಲಿಲ್ಲ. ನಾನು ಎದ್ದು ಹೋಗಲಿಲ್ಲ, ಹೊಲಿಗೆ ಹಾಕುತ್ತಲೇ ಇದ್ದೆ.

ಹೊರಗೆ ವ್ಯಾಪಾರಿಯ ಗಾಡಿ ನಿಂತಿತು. ಇವರು ಮುಖ ಒರೆಸಿಕೊಂಡು ಗೇಟಿಗೆ ಹೋದರು. ಮಾತು ಷೆಡ್ಡಿನವರೆಗೂ ಕೇಳಿಸುತ್ತಿತ್ತು.

"ಇಲ್ಲ ಮಾರಾಯ, ಕೊಡೋದಿಲ್ಲ. ಸುಮ್ಮನೆ ಅಲೆಸಿದ ಹಾಗಾಯ್ತು, ಬೇಜಾರು ಮಾಡ್ಕೋಬೇಡ. ಕೆಲಸ ನಡೀತಿದೆ ಒಳಗೆ."

"ಯಜಮಾನ್ರು ತೀರ್ಕೊಂಡ್ರು ಅಂದ್ರಲ್ಲ ಸಾರ್. ಈಗ ಯಾರು ಮಾಡ್ತಾರೆ?"

"ಇದ್ದಾರೆ" ಎಂದರು ಇವರು.

ಯಾರನ್ನು ಹೇಳಿದರೋ. ಚೀಲದ ದಾರ ಕತ್ತರಿಸಿ, ಉಳಿಗಳನ್ನು ಒಂದೊಂದಾಗಿ ಜೇಬಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ಎರಡು ಬೆರಳಗಲದ್ದರ ಬಾಯಿ ತುಸು ಮೊಂಡಾಗಿದೆ, ನಾಳೆ ಸಾಣೆ ಹಿಡಿಯಬೇಕು. ಪಕ್ಕದ ಮನೆಯಾಕೆಯ ಕಿಟಕಿಯ ಬಾಗಿಲೊಂದು ಕಚ್ಚಿಕೊಳ್ಳುತ್ತಿದೆಯಂತೆ, ಅದನ್ನೂ ನೋಡಿ ಬರಬೇಕು.

ಊಟ: ಇಬ್ಬರದೂ ಆಯಿತು. ನಿದ್ದೆ: ಬರಬಹುದು.

ಮಾತು: ಅಲ್ಲ, ಒಂದು ಸಲ.